ಇಂಗ್ಲೆಂಡಿನಲ್ಲಿ ನೀರಿನ ಬಿಲ್ಲು ಮತ್ತು ಬಡಕುಟುಂಬಗಳ ಲೆಕ್ಕ

ಒಂದು ನಗರದಲ್ಲಿ ಬಡವರೆಷ್ಟೆಂದು ಹೇಳುವುದು ಒಂದು ಕೆಲಸ. ಬಡವರ ಮನೆ ಯಾವುದೆಂದು ಬಾಗಿಲು ತೋರಿಸುವುದು ಬೇರೊಂದು ಕೆಲಸ. ಇತಿಹಾಸವನ್ನು ಬರೆಯುವ ನಾವು ಬಹುಮಟ್ಟಿಗೆ ಮೊದಲನೆಯದರಿಂದಲೇ ತೃಪ್ತರಾಗುತ್ತೇವೆ. ನೀರಿನ ಬಿಲ್ಲನ್ನು ತೆರಲಾರದ ಕುಟುಂಬಗಳನ್ನು ಸ್ಥಳೀಯ ದಾಖಲೆಗಳಿಂದ ಗುರುತಿಸುವ ಪ್ರಯತ್ನ ಇತ್ತೀಚಿನ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ನಡೆದಿದೆ. ಅದರ ತೊಡಕುಗಳು ಹೊಸವಲ್ಲವೆಂಬುದನ್ನು ಪ್ರಕೃತ ಲೇಖನದಲ್ಲಿ ತೋರಿಸಬಯಸುತ್ತೇವೆ.

ಹಡಗು ವ್ಯವಹಾರದ ಚಾರ್ಲ್ಸ್ ಬೂತನು 1886ರಲ್ಲಿ ಲಂಡನ್ನಿನ ಬಡತನವನ್ನು ಪರಿಶೋಧಿಸಲು ತೊಡಗಿದಾಗ, ಮನೆಮನೆಗೆ ಹೋಗಿ ವಿಚಾರಿಸುವುದು ಅವನ ಶಕ್ತಿಗೆ ಮೀರಿದ ಮಾತಾಗಿತ್ತು. ಆದರೆ 1870ರ ಶಿಕ್ಷಣ ಶಾಸನದಿಂದ ಹುಟ್ಟಿದ ಶಾಲಾಮಂಡಲಿಯ ಸಂದರ್ಶಕರು ಮಕ್ಕಳ ಹಾಜರಿಗಾಗಿ ಬೀದಿಬೀದಿಗಳನ್ನು ಸುತ್ತುತ್ತಿದ್ದರು. ಬೇರೆ ಉದ್ದೇಶಕ್ಕೆ ಬರೆದಿಟ್ಟ ಅವರ ಪುಸ್ತಕಗಳೇ ಬೂತನಿಗೆ ಆಧಾರವಾದುವು. ಪೂರ್ವ ಲಂಡನ್ನಿನಲ್ಲಿ ಅವನು ಕುಟುಂಬ ಕುಟುಂಬವಾಗಿ ಲೆಕ್ಕ ಹಾಕಿದನು; ನಗರದ ಉಳಿದ ಭಾಗಕ್ಕೆ ಬಂದಾಗ ಬೀದಿಯನ್ನೇ ಮಾನವಾಗಿ ಇಟ್ಟುಕೊಂಡನು. ಲಂಡನ್ನಿನ ಜನರಲ್ಲಿ ಶೇಕಡ 30.7 ಮಂದಿ ಬಡವರೆಂಬ ಅವನ ನಿರ್ಣಯವು ಪ್ರಸಿದ್ಧವಾಗಿದೆ. ಆದರೆ ಸಂದರ್ಶಕರಿಗೆ ತಿಳಿದಿದ್ದುದು ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿದ್ದ ಮನೆಗಳು ಮಾತ್ರ. ಉಳಿದ ಮನೆಗಳನ್ನು ಬೂತನು ಅನುಮಾನದಿಂದ ತುಂಬಿಕೊಂಡನು. ಕಂದಾಯಕ್ಕಾಗಿ ಬರೆದ ನಮ್ಮ ಶಾನುಭೋಗರ ಕಡತಗಳಲ್ಲಿ ಭೂಮಿಯಿಲ್ಲದ ಕೂಲಿಯವನನ್ನು ಹುಡುಕಿ ಬೇಸತ್ತವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಇನ್ನು ನೀರಿನ ವಿಚಾರ. ಇಂಗ್ಲೆಂಡಿನಲ್ಲಿ ಮೀಟರಿಲ್ಲದ ಮನೆಗಳ ಶುಲ್ಕವನ್ನು ಇಂದಿಗೂ ಬಹುಮಟ್ಟಿಗೆ ಮನೆಯ ಹಳೆಯ ಬಾಡಿಗೆ ಮೌಲ್ಯದ ಮೇಲೆಯೇ ವಿಧಿಸುತ್ತಾರೆ. ಆ ಮೌಲ್ಯದ ಕೊನೆಯ ಸಾಮಾನ್ಯ ನಿರ್ಧಾರ ನಡೆದುದು 1973ರಲ್ಲಿ! ಮನೆಯೊಳಗಿನವರ ಇಂದಿನ ಆದಾಯಕ್ಕೂ ಈ ಬಿಲ್ಲಿಗೂ ಯಾವ ಸಂಬಂಧವೂ ಇಲ್ಲ. 1989ರಲ್ಲಿ ನೀರು ಸರಬರಾಜು ಖಾಸಗಿ ಕಂಪನಿಗಳ ವಶವಾದ ಮೇಲೆ ದರಗಳು ಏರಿದುವು. 1991-92ರಲ್ಲಿ 20,000ಕ್ಕಿಂತ ಹೆಚ್ಚು ಮನೆಗಳ ನಲ್ಲಿಯನ್ನು ಬಾಕಿಗಾಗಿ ಕಡಿದರು. 1999ರ ಶಾಸನವು ವಾಸದ ಮನೆಗೆ ನೀರು ನಿಲ್ಲಿಸುವುದನ್ನು ನಿಷೇಧಿಸಿತು. ನಲ್ಲಿ ಉಳಿಯಿತು, ಬಾಕಿಯೂ ಉಳಿಯಿತು. 2010ರ ಶಾಸನದಿಂದ ಬಡವರಿಗೆ ರಿಯಾಯಿತಿ ದರಗಳು ಸಾಧ್ಯವಾದರೂ, ಅವು ಸಾಮಾನ್ಯವಾಗಿ ಅರ್ಜಿ ಹಾಕಿದವರಿಗೆ ಮಾತ್ರ ದೊರೆಯುತ್ತಿದ್ದುವು. ರಿಯಾಯಿತಿ ಇದೆಯೆಂದೇ ತಿಳಿಯದವನು ಅರ್ಜಿಯನ್ನು ಹೇಗೆ ಹಾಕಿಯಾನು?

ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಕಂಪನಿಗೆ ಬಿಲ್ಲು ಗೊತ್ತು, ಆದಾಯ ಗೊತ್ತಿಲ್ಲ; ಸ್ಥಳೀಯ ಕೌನ್ಸಿಲಿಗೆ ಬಾಡಿಗೆ ಸಹಾಯಧನ ಮತ್ತು ತೆರಿಗೆ ವಿನಾಯಿತಿಯ ಕಾಗದಗಳಿಂದ ಆದಾಯ ಗೊತ್ತು, ಬಿಲ್ಲು ಗೊತ್ತಿಲ್ಲ. ವಸತಿಯ ಖರ್ಚು ಕಳೆದು ಉಳಿದ ಆದಾಯದಲ್ಲಿ ಶೇಕಡ 3 ಅಥವಾ 5ನ್ನು ಮೀರಿ ನೀರಿಗೆ ತೆರಬೇಕಾದರೆ ಅದನ್ನು ನೀರಿನ ಬಡತನವೆಂದು ಅಲ್ಲಿ ಎಣಿಸುವುದುಂಟು. ತಿಂಗಳಿಗೆ 800 ಪೌಂಡು ಉಳಿಯುವ ಮನೆಗೆ 50 ಪೌಂಡಿನ ಬಿಲ್ಲು ಬಂದಿತೆನ್ನೋಣ. ಅದು ಶೇಕಡ 6ನ್ನು ಮೀರುತ್ತದೆ. ಎರಡು ಪುಸ್ತಕಗಳನ್ನು ಎದುರುಬದುರಾಗಿ ಇಟ್ಟಲ್ಲದೆ ಇದು ಕಾಣುವುದಿಲ್ಲ. ಹಾಗೆ ಇಡಲು 2017ರ ಡಿಜಿಟಲ್ ಆರ್ಥಿಕತೆ ಶಾಸನವು ಸ್ಪಷ್ಟವಾದ ಅಧಿಕಾರವನ್ನು ನೀಡಿತು. ಮಾಹಿತಿಯನ್ನು ಅಕ್ರಮವಾಗಿ ಹೊರಗೆಡಹುವುದನ್ನು ಅಪರಾಧವೆಂದೂ ವಿಧಿಸಿತು. ಈ ಎಚ್ಚರಿಕೆ ಅಗತ್ಯವೇ ಸರಿ. ಬಡವನನ್ನು ಹುಡುಕಿಕೊಡುವ ಪಟ್ಟಿಯು ಸಾಲಗಾರನನ್ನೂ ಹುಡುಕಿಕೊಡುತ್ತದೆ.

ಪ್ರದೇಶದ ಸರಾಸರಿಯೇ ಸಾಕೆಂಬ ವಾದವನ್ನು ನಾವು ಒಪ್ಪಲಾರೆವು. ಇಂಗ್ಲೆಂಡಿನ ಅಭಾವ ಸೂಚಿಯ ಒಂದೊಂದು ಘಟಕದಲ್ಲಿಯೂ ಸುಮಾರು 1,500 ಜನರಿರುತ್ತಾರೆ. ಸ್ಥಿತಿವಂತರ ಬೀದಿಯಲ್ಲಿರುವ ಬಡ ಬಾಡಿಗೆದಾರನು ಅದರಲ್ಲಿ ಮರೆಯಾಗುತ್ತಾನೆ. ಬೂತನ ಬಣ್ಣದ ನಕ್ಷೆಯಲ್ಲಿಯೂ ಅವನು ಹೀಗೆಯೇ ಮರೆಯಾಗಿದ್ದನು. ಆದರೂ ಕುಟುಂಬವಾರು ದಾಖಲೆಯಲ್ಲಿ ಬೂತನ ಹಳೆಯ ಕೊರತೆ ಉಳಿದೇ ಇದೆ. ಅಲ್ಪ ಪಿಂಚಣಿಯಲ್ಲಿ ಬಾಳುತ್ತ, ಕೌನ್ಸಿಲಿನಿಂದ ಎಂದೂ ಏನನ್ನೂ ಬೇಡದ ವೃದ್ಧೆಯ ಆದಾಯವು ಅದರ ಪುಸ್ತಕದಲ್ಲಿಲ್ಲ. ಅನುಮಾನದಿಂದ ಕೋಷ್ಟಕವನ್ನು ತುಂಬಬಹುದು, ರಿಯಾಯಿತಿಯನ್ನು ಕೊಡಲಾಗದು. ಅರ್ಜಿ ಹಾಕದಿದ್ದರೆ ಆ ಮನೆಗೆ ಪೂರ್ಣ ಬಿಲ್ಲೇ ಹೋಗುತ್ತದೆ.