ಸಕ್ಕರೆ ಕಾಯಿಲೆಯಲ್ಲಿ ಲ್ಯಾಕ್ಟೇಟ್: ಏರಿಕೆ ಎರಡು ಬಗೆ

ಸಕ್ಕರೆ ಕಾಯಿಲೆ ಇದ್ದವರ ರಕ್ತದಲ್ಲಿ ಲ್ಯಾಕ್ಟೇಟ್, ಅಂದರೆ ಲ್ಯಾಕ್ಟಿಕ್ ಆಮ್ಲದ ರೂಪ, ಏರುವುದು ಎರಡು ಬಗೆಯಲ್ಲಿ. ಬೊಜ್ಜಿನ ಜೊತೆಗೇ ವರ್ಷಗಟ್ಟಲೆ ಇರುವ ಅಲ್ಪ ಏರಿಕೆ ಒಂದು. ಮೂತ್ರಪಿಂಡ ಕೈಕೊಟ್ಟಾಗಲೋ ರಕ್ತದೊತ್ತಡ ಕುಸಿದಾಗಲೋ ದಿಢೀರನೆ ಲೀಟರಿಗೆ 5 ಮಿಲಿಮೋಲ್ ದಾಟಿ ಪ್ರಾಣಕ್ಕೇ ಎರವಾಗುವ ಏರಿಕೆ ಇನ್ನೊಂದು. ಇವೆರಡನ್ನೂ ಒಂದೇ ಭಯದಿಂದ ನೋಡಿದ್ದರಿಂದ ಈ ಕ್ಷೇತ್ರ ಬಹುಕಾಲ ಹಿಂದುಳಿಯಿತು ಎಂಬುದು ನನ್ನ ವಾದ.

ಭಯಕ್ಕೆ ಕಾರಣವಿತ್ತು. 1780ರಲ್ಲಿ ರಸಾಯನಜ್ಞ ಶೀಲೆ ಹುಳಿ ಹಾಲಿನಲ್ಲಿ ಗುರುತಿಸಿದ ಈ ಆಮ್ಲವನ್ನು 1843ರಲ್ಲಿ ಶೇರರ್ ಕಂಡದ್ದು ಬಾಣಂತಿ ನಂಜಿನಿಂದ ತೀರಿಕೊಂಡವರ ರಕ್ತದಲ್ಲಿ. ಯಕೃತ್ತು ಇದನ್ನು ಮತ್ತೆ ಸಕ್ಕರೆಯಾಗಿಸುತ್ತದೆಂದು ಕೋರಿ ದಂಪತಿ 1929ರಲ್ಲಿ ತೋರಿಸಿದರೂ ‘ದಣಿದ ಸ್ನಾಯುವಿನ ಕಸ’ ಎಂಬ ಹೆಸರು ಅಳಿಯಲಿಲ್ಲ. ಆಮೇಲೆ ಸಕ್ಕರೆ ಕಾಯಿಲೆಯ ಫೆನ್‌ಫಾರ್ಮಿನ್ ಗುಳಿಗೆಯಿಂದ ಲ್ಯಾಕ್ಟಿಕ್ ಆಮ್ಲ ಏರಿ ಜನ ಸತ್ತರು. ಅಮೆರಿಕ ಅದನ್ನು 1970ರ ದಶಕದಲ್ಲೇ ಹಿಂತೆಗೆದರೆ, ಭಾರತದಲ್ಲಿ ನಿಷೇಧ ಬಂದದ್ದು 2003ರಲ್ಲಿ. ಕಳಂಕ ಮಾತ್ರ ಅದೇ ಕುಲದ ಮೆಟ್‌ಫಾರ್ಮಿನ್‌ಗೂ ಅಂಟಿತು. 1990ರ ಸುಮಾರಿಗೆ ಗಮನ ಸ್ನಾಯುವಿನಿಂದ ಕೊಬ್ಬಿಗೆ ತಿರುಗಿದಾಗ ಚಿತ್ರ ಬದಲಾಯಿತು: ಬೊಜ್ಜಿನ ಇಲಿಗಳ ಕೊಬ್ಬಿನ ಕೋಶಗಳು ತಾವು ಹೀರಿದ ಸಕ್ಕರೆಯಲ್ಲಿ ಅರ್ಧಕ್ಕೂ ಮಿಗಿಲನ್ನು ಲ್ಯಾಕ್ಟೇಟ್ ಮಾಡಿ ಹೊರಬಿಡುತ್ತಿದ್ದವು. ಅಮೆರಿಕದ ಏರಿಕ್ ಅಧ್ಯಯನ 2010ರಲ್ಲಿ ಲ್ಯಾಕ್ಟೇಟ್ ಹೆಚ್ಚಿದ್ದವರಲ್ಲಿ ಸಕ್ಕರೆ ಕಾಯಿಲೆಯೂ ಹೆಚ್ಚೆಂದು ಕಂಡುಕೊಂಡಿತು. ಇದು ಕಾರಣವೋ ಪರಿಣಾಮವೋ ಎಂದು ಕೇಳುವುದು ನ್ಯಾಯವೇ. ಆದರೆ 2013ರಲ್ಲಿ ಅದೇ ಅಧ್ಯಯನ, ಕಾಯಿಲೆ ಇಲ್ಲದವರಲ್ಲೂ ಲ್ಯಾಕ್ಟೇಟ್ ಹೆಚ್ಚಿದ್ದರೆ ಮುಂದೆ ಕಾಯಿಲೆ ಬರುವ ಸಂಭವ ಹೆಚ್ಚೆಂದಿತು. ಕಾರಣವೆಂದು ಇದರಿಂದ ಸಾಬೀತಾಗದು. ಇನ್ಸುಲಿನ್ನಿಗೆ ದೇಹ ಮಣಿಯದಿರುವುದರ ಮುಂಗುರುತು ಎನ್ನಲು ಸಾಕು.

ನಾರಾಯಣಪುರ ಎಡದಂಡೆ ಕಾಲುವೆ ಹರಿದು ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಜೋಳದ ಹೊಲಗಳು ಭತ್ತದ ಗದ್ದೆಗಳಾಗಿ ಊಟವೂ ಬದಲಾದ ಸೀಮೆಯಲ್ಲಿ ಈ ಮುಂಗುರುತಿಗೆ ಬೆಲೆಯಿದೆ. ಏಕೆಂದರೆ ನಮ್ಮಲ್ಲಿ ಬೊಜ್ಜು ತೂಕದಲ್ಲಿ ಕಾಣುವುದು ಕಡಿಮೆ. ಪುಣೆಯ ಯಾಜ್ಞಿಕ್ ಮತ್ತು ಬ್ರಿಟನ್ನಿನ ಯುಡ್‌ಕಿನ್ 2004ರಲ್ಲಿ ತಮ್ಮನ್ನೇ ಅಳೆದುಕೊಂಡರು: ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3, ಕೊಬ್ಬು ಮಾತ್ರ ಯುಡ್‌ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2. ಹಾಗಾದರೆ ತಾಲೂಕು ಆಸ್ಪತ್ರೆಯಲ್ಲೇ ಎಲ್ಲರ ಲ್ಯಾಕ್ಟೇಟ್ ಅಳೆಯಬಾರದೇಕೆ? ಅಡ್ಡಿ ಇರುವುದು ಸಿರಿಂಜಿನ ತುದಿಯಲ್ಲೇ. ತೋಳಿಗೆ ಪಟ್ಟಿ ಬಿಗಿದು ಮುಷ್ಟಿ ಹಿಂಡಿಸಿದರೂ ಅಂಕಿ ಏರುತ್ತದೆ. ಟ್ಯೂಬಿಗೆ ಬಿದ್ದ ಮೇಲೂ ಕೆಂಪು ರಕ್ತಕಣಗಳು ಲ್ಯಾಕ್ಟೇಟ್ ಮಾಡುತ್ತಲೇ ಇರುತ್ತವೆ. ಅದಕ್ಕೇ ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ಟ್ಯೂಬು, ಐಸು, ಆತುರ ಎಲ್ಲವೂ ಬೇಕು. ಮೇ ತಿಂಗಳ ಬಿಸಿಲಲ್ಲಿ ಸುರಪುರದಿಂದ ಕಲಬುರಗಿಗೆ ಕಳಿಸಿದ ಮಾದರಿಯ ಅಂಕಿಯನ್ನು ನಾನು ನಂಬಲಾರೆ. ಸೊಂಟದ ಸುತ್ತಳತೆಯ ಟೇಪೇ ಅಲ್ಲಿ ಹೆಚ್ಚು ಸತ್ಯ ಹೇಳುತ್ತದೆ.

ಮೆಟ್‌ಫಾರ್ಮಿನ್ ಲ್ಯಾಕ್ಟೇಟನ್ನು ತುಸು ಏರಿಸುವುದು ನಿಜವಲ್ಲವೇ ಎಂಬ ಆಕ್ಷೇಪವಿದೆ. ನಿಜ. ಆದರೂ 347 ಅಧ್ಯಯನಗಳನ್ನು ಒಟ್ಟು ಮಾಡಿದ 2010ರ ಕಾಕ್ರೇನ್ ಪರಾಮರ್ಶೆಗೆ ಆ ಗುಳಿಗೆಯ ಎಪ್ಪತ್ತು ಸಾವಿರ ರೋಗಿ-ವರ್ಷಗಳಲ್ಲಿ ಮಾರಕ ಏರಿಕೆಯ ಒಂದು ಪ್ರಕರಣವೂ ಸಿಗಲಿಲ್ಲ. ಅಪಾಯ ಮೂತ್ರಪಿಂಡದ್ದು: ಅದರ ಸೋಸುವ ಶಕ್ತಿ ನಿಮಿಷಕ್ಕೆ 30 ಮಿಲಿಲೀಟರಿಗಿಂತ ಕೆಳಗಿಳಿದವರಿಗೆ ಈ ಗುಳಿಗೆ ಸಲ್ಲದು. ಆದ್ದರಿಂದ ಯಾದಗಿರಿಯ ರೋಗಿಗೆ ಮೊದಲು ಬೇಕಾದದ್ದು ವರ್ಷಕ್ಕೊಮ್ಮೆಯಾದರೂ ಈ ಶಕ್ತಿಯನ್ನು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ. ಜೊತೆಗೆ ಚೀಟಿ ಬರೆಯುವಾಗಲೇ ಹೇಳಬೇಕಾದ ಒಂದು ಮಾತು: ವಾಂತಿ-ಭೇದಿಯಾಗಿ ನೀರು ಕಳೆದುಕೊಂಡ ದಿನಗಳಲ್ಲಿ ಮೆಟ್‌ಫಾರ್ಮಿನ್ ನಿಲ್ಲಿಸಿ, ಆಸ್ಪತ್ರೆಗೆ ಬನ್ನಿ, ಊಟ ಸೇರತೊಡಗಿದ ಮೇಲೆ ವೈದ್ಯರನ್ನು ಕೇಳಿ ಮತ್ತೆ ಶುರು ಮಾಡಿ.