ವಿಸಿಟಿಂಗ್ ಕಾರ್ಡಿಗಿಂತ ಮುಂಚೆ ಕಡತ ಇತ್ತು

ಸ್ಟೇಷನರಿ ವ್ಯಾಪಾರಿಗಳ ಮೇಳಕ್ಕೆ ಯಾವತ್ತಾದ್ರೂ ಹೋಗಿದ್ದೀರಾ? ನೋಟ್‌ಬುಕ್, ಪೆನ್ನು, ಫೈಲು ತಯಾರಿಸೋರು ಒಂದು ಕಡೆ, ಕೊಪ್ಪ, ನರಸಿಂಹರಾಜಪುರದಂಥ ಊರುಗಳಲ್ಲಿ ಅಂಗಡಿ ಇಟ್ಟವರು ಇನ್ನೊಂದು ಕಡೆ. ಸಂಜೆ ಹೊತ್ತಿಗೆ ಜೇಬು ತುಂಬಾ ವಿಸಿಟಿಂಗ್ ಕಾರ್ಡು. ತಿಂಗಳು ಕಳೆದ ಮೇಲೆ ಎಷ್ಟು ಮುಖ ನೆನಪಿರುತ್ತೆ? ಪರಿಚಯ ಮಾಡ್ಕೊಳ್ಳೋದು ಸುಲಭ, ಉಳಿಸ್ಕೊಳ್ಳೋದು ಕಷ್ಟ. ನಮ್ಮ ಮಲೆನಾಡಿನಲ್ಲಿ ನಂಟನ್ನು ಹೇಗೆ ಉಳಿಸ್ಕೊಳ್ತಿದ್ರು ಅನ್ನೋದೇ ಇವತ್ತಿನ ಕಂತು.

ಮೊದಲು ಒಂದು ಪದ. ಸರ್ಕಾರಿ ಕಚೇರಿಯ ಫೈಲಿಗೆ ‘ಕಡತ’ ಅಂತೀವಲ್ಲ, ಅದು ಮೂಲದಲ್ಲಿ ಕಾಗದವೇ ಅಲ್ಲ, ಬಟ್ಟೆ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳೀತಿದ್ರು. ಒಣಗಿ ಗಟ್ಟಿಯಾದ ಮೇಲೆ ಹಿಂದಕ್ಕೂ ಮುಂದಕ್ಕೂ ಮಡಚಿದರೆ ಪುಸ್ತಕ ರೆಡಿ. ಕಪ್ಪು ಹಾಳೆ, ಅದರ ಮೇಲೆ ಬಿಳಿ ಬಳಪ. ಒರೆಸಿ ಮತ್ತೆ ಬರೆಯಬಹುದು. ಶಾನುಭೋಗರ ಲೆಕ್ಕ, ವರ್ತಕರ ಕೊಡು-ಕೊಳ್ಳುವಿಕೆ ಎಲ್ಲ ಇದರಲ್ಲೇ.

ಶೃಂಗೇರಿ ಮಠದಲ್ಲಿ ಇಂಥ ಕಡತಗಳು ರಾಶಿ ರಾಶಿ ಉಳಿದಿವೆ. ಇತಿಹಾಸಕಾರ ಎ.ಕೆ. ಶಾಸ್ತ್ರಿ ಮಠದ ದಾಖಲೆಗಳನ್ನು ಸಂಪಾದಿಸಿ ಪ್ರಕಟಿಸಿದ್ದಾರೆ. ಒರೆಸಬಹುದಾದ ಬರಹವನ್ನು ಒರೆಸದೆ ಕಾಪಾಡಿದ್ದಾರೆ ಅನ್ನೋದೇ ನನಗೆ ದೊಡ್ಡ ವಿಷಯ.

ಇದೇ ಮಠದ ಕಾಗದಪತ್ರಗಳಲ್ಲಿ 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ನಿರ್ದೇಶಕ ಆರ್. ನರಸಿಂಹಾಚಾರ್ ಅವರಿಗೆ ಒಂದು ಪತ್ರದ ಕಟ್ಟು ಸಿಕ್ಕಿತು. ಸುಮಾರು 30 ಪತ್ರ, ಕನ್ನಡದಲ್ಲಿ. ಬರೆಸಿದವನು ಟಿಪ್ಪು ಸುಲ್ತಾನ್.

ಹಿನ್ನೆಲೆ ಇಷ್ಟು. 1791ರಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯದ ಜೊತೆಗಿದ್ದ ಕುದುರೆ ದಂಡು ಶೃಂಗೇರಿಯನ್ನು ಲೂಟಿ ಮಾಡಿತು. ಜನ ಸತ್ತರು, ಶಾರದೆಯ ವಿಗ್ರಹವನ್ನು ಸ್ಥಾನ ತಪ್ಪಿಸಿದರು. ಸ್ವಾಮಿಗಳು ಊರು ಬಿಟ್ಟು ಕಾರ್ಕಳಕ್ಕೆ ಹೋಗಬೇಕಾಯ್ತು. ಅವರು ಟಿಪ್ಪುವಿಗೆ ಬರೆದರು. ಟಿಪ್ಪು ಉತ್ತರ ಬರೆಸಿದ್ದಷ್ಟೇ ಅಲ್ಲ, ಬಿದನೂರಿನ, ಅಂದ್ರೆ ಈಗಿನ ನಗರದ, ಆಸಫನಿಗೆ 200 ರಹತಿ ನಗದನ್ನೂ ಬೇಕಾದ ಸಾಮಾನನ್ನೂ ಕೊಡಲು ಹುಕುಂ ಕಳಿಸಿದ. ವಿಗ್ರಹ ಮತ್ತೆ ಪ್ರತಿಷ್ಠೆಯಾಗಲಿ ಅನ್ನೋದು ಉದ್ದೇಶ.

ಇದು ಬರೀ ಭಕ್ತಿನಾ, ರಾಜಕೀಯನಾ? ಅದೇ ವರ್ಷ ಬೆಂಗಳೂರು ಕೋಟೆ ಇಂಗ್ಲಿಷರ ಪಾಲಾಗಿತ್ತು. ಮರಾಠರು, ನಿಜಾಮ ಇಬ್ಬರೂ ಇಂಗ್ಲಿಷರ ಜೊತೆ. ಟಿಪ್ಪುವಿಗೆ ತನ್ನ ನಾಡಿನ ಜನರ ಬೆಂಬಲ ಬೇಕೇ ಬೇಕಿತ್ತು. ಹಾಗಂತ ಪತ್ರಗಳು ಸುಳ್ಳಾಗೋದಿಲ್ಲ. ಅಗತ್ಯ ಇಬ್ಬರಿಗೂ ಇತ್ತು, ಗೌರವವೂ ಇತ್ತು. ವ್ಯಾಪಾರದ ನಂಟೂ ಹೀಗೇ ಅಲ್ವಾ? ಕೆಲಸ ಆಗಬೇಕು ಅಂತ ಶುರುವಾದದ್ದು ಕೆಟ್ಟದ್ದೇನಲ್ಲ. ಎದುರಿನವರಿಗೆ ಕಷ್ಟ ಬಂದಾಗ ಏನು ಮಾಡ್ತೀವಿ ಅನ್ನೋದು ಮುಖ್ಯ.

ಇನ್ನು ಕಾಗದದ ಕಾಲ. ನರಸಿಂಹರಾಜಪುರ, ಹಿಂದಿನ ಎಡೇಹಳ್ಳಿ, ಭದ್ರಾ ನದಿಯ ಸೀಮೆ. ಅದೇ ನದಿಯ ಕೆಳಗೆ ಭದ್ರಾವತಿಯಲ್ಲಿ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ, ಎಂಪಿಎಂ, ಸ್ಥಾಪನೆಯಾಯ್ತು. ಮಲೆನಾಡಿನ ಬಿದಿರು ಅಲ್ಲಿ ಕಾಗದವಾಯ್ತು. ಕಾಡು, ಲಾರಿ, ಕಾರ್ಮಿಕ, ಅಂಗಡಿ, ಶಾಲೆಯ ಮಗು, ಎಲ್ಲರೂ ಒಂದೇ ಹಾಳೆಯ ಸರಪಳಿಯಲ್ಲಿದ್ದರು. ಕಳೆದ ದಶಕದಲ್ಲಿ ಉತ್ಪಾದನೆ ನಿಂತಾಗ ಆ ಸರಪಳಿಯೇ ಕಡಿದುಹೋಯ್ತು. ಯಂತ್ರ ಮತ್ತೆ ತರಬಹುದು, ಚದುರಿದ ನಂಟನ್ನು ತರೋದು ಅಷ್ಟು ಸುಲಭ ಅಲ್ಲ.

ಹಾಗಾಗಿ ಮೇಳಕ್ಕೆ ಹೋಗೋ ಗೆಳೆಯರಿಗೆ ನಾನು ಹೇಳೋದು ಇಷ್ಟೇ. ಕಾರ್ಡು ತಗೊಂಡ ಮೇಲೆ ಅದರ ಹಿಂದೆ ಎರಡು ಸಾಲು ಬರ್ಕೊಳ್ಳಿ: ಯಾರು, ಏನು ಮಾತಾಡಿದ್ರಿ, ಅವರಿಗೆ ಏನು ಬೇಕಿತ್ತು. ವಾರದೊಳಗೆ ಒಂದು ಫೋನ್ ಮಾಡಿ. ಮುಂದಿನ ಸಲ ಅವರಿಗೆ ತೊಂದರೆ ಬಂದಾಗ ಮೊದಲ ಸಂದೇಶ ನಿಮ್ಮದಾಗಿರಲಿ.

ಮಠದವರು ಆ ಕಟ್ಟನ್ನು ಬಿಸಾಡಿದ್ದರೆ 1791ರ ಈ ಕಥೆ ಇಷ್ಟು ವಿವರವಾಗಿ ನಮಗೆ ಸಿಗ್ತಿರಲಿಲ್ಲ. ನಿಮ್ಮ ಮನೆಯ ಅಟ್ಟದಲ್ಲೂ ಹಳೇ ಅಡಿಕೆ ಲೆಕ್ಕದ ಪುಸ್ತಕ ಇದ್ದರೆ, ಗುಜರಿಗೆ ಹಾಕೋ ಮುಂಚೆ ಒಂದ್ಸಲ ಬಿಡಿಸಿ ಓದಿ. ಮುಂದಿನ ಕಂತಿನಲ್ಲಿ ಸಿಗೋಣ.