ಮನೆಬಳಕೆಯ ಗಾಜಿನ ಮರುಬಳಕೆ: ಬೆಲೆ, ಸುರಕ್ಷತೆ ಮತ್ತು ಜನರ ಪಾಲ್ಗೊಳ್ಳುವಿಕೆ

1. ಪ್ರವೇಶ

ಬೆಂಗಳೂರಿನ ಮನೆಗಳಲ್ಲಿ 'ಎರಡು ಬುಟ್ಟಿ, ಒಂದು ಚೀಲ' ಪದ್ಧತಿಯನ್ನು ಕರ್ನಾಟಕ ಹೈಕೋರ್ಟ್ 2015ರ ಡಿಸೆಂಬರ್‌ನಲ್ಲಿ ಕಡ್ಡಾಯಗೊಳಿಸಿತು. ಮರುವರ್ಷ ಬಂದ ಕೇಂದ್ರದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸದ ವಿಂಗಡಣೆಯನ್ನು ದೇಶದಾದ್ಯಂತ ಮನೆಯವರ ಹೊಣೆಯಾಗಿಸಿದವು. ಈ ಏರ್ಪಾಟಿನಲ್ಲಿ ಗಾಜು ಸೇರುವುದು ಒಣಕಸದ ಚೀಲಕ್ಕೆ. ಅದರ ಮರುಬಳಕೆ ಹೆಚ್ಚಬೇಕಾದರೆ ತಿಳಿವಳಿಕೆಯೊಂದೇ ಸಾಲದು; ಗಾಜಿಗೆ ಬೆಲೆ ಬರಬೇಕು, ಅದನ್ನು ಮುಟ್ಟುವ ಕೈಗಳಿಗೆ ರಕ್ಷಣೆ ಸಿಗಬೇಕು ಎಂಬುದು ಈ ಲೇಖನದ ಪ್ರತಿಪಾದನೆ.

2. ಗಾಜಿನ ಗುಣ

ಬಾಟಲಿಯ ಗಾಜು ಮರಳು, ಸೋಡಾ ಬೂದಿ ಮತ್ತು ಸುಣ್ಣಕಲ್ಲುಗಳನ್ನು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿದಾಗ ಸಿಗುತ್ತದೆ. ಈ ಮಿಶ್ರಣಕ್ಕೆ ಹಳೆಯ ಗಾಜಿನ ಚೂರು ಸೇರಿಸಿದರೆ ಕಡಿಮೆ ಶಾಖ ಸಾಕು. ಚೂರಿನ ಪಾಲು ಶೇ. 10ರಷ್ಟು ಹೆಚ್ಚಿದಂತೆಲ್ಲ ಕುಲುಮೆಯ ಇಂಧನದಲ್ಲಿ ಶೇ. 2.5ರಿಂದ 3ರಷ್ಟು ಉಳಿಯುತ್ತದೆ. ಸುಣ್ಣಕಲ್ಲು ಮತ್ತು ಸೋಡಾ ಕಾಯುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಕೂಡ ತಗ್ಗುತ್ತದೆ. ಎಷ್ಟು ಸಲ ಕರಗಿಸಿದರೂ ಗಾಜಿನ ಗುಣ ಕುಂದುವುದಿಲ್ಲ.

ಆದರೆ ಚೂರು ಶುದ್ಧವಾಗಿರಬೇಕು, ಬಣ್ಣವಾರು ಬೇರ್ಪಟ್ಟಿರಬೇಕು. ಒಡೆದ ಪಿಂಗಾಣಿ ಕಪ್ಪು, ಒಲೆಯ ಶಾಖ ತಾಳುವ ಬೋರೋಸಿಲಿಕೇಟ್ ಪಾತ್ರೆ ಬಾಟಲಿಯ ಗಾಜಿನೊಂದಿಗೆ ಸರಿಯಾಗಿ ಕರಗದೆ ಹರಳಾಗಿ ಉಳಿಯುತ್ತವೆ. ಹೊಸ ಬಾಟಲಿ ಅಲ್ಲೇ ಬಿರುಕು ಬಿಡುತ್ತದೆ. ಪಾದರಸವಿರುವ ಟ್ಯೂಬ್‌ಲೈಟನ್ನಂತೂ ಗಾಜಿನೊಡನೆ ಸೇರಿಸಲೇಬಾರದು.

3. ಗುಜರಿಯ ಲೆಕ್ಕ

ಬಿಯರ್ ಬಾಟಲಿ ಇಡಿಯಾಗಿದ್ದರೆ ಅದನ್ನು ತೊಳೆದು ಮತ್ತೆ ತುಂಬಬಹುದು. ಆದ್ದರಿಂದ ಗುಜರಿಯವರು ಅದನ್ನು ಎಣಿಸಿ ಕೊಳ್ಳುತ್ತಾರೆ. ಜಾಮ್, ಉಪ್ಪಿನಕಾಯಿ, ಔಷಧಿಗಳ ಬಾಟಲಿಗಳದು ಒಂದೊಂದು ಆಕಾರ. ಅವು ಚೂರಾಗಿಯೇ ಕುಲುಮೆ ಸೇರಬೇಕು. ಚೂರಿಗೆ ತೂಕ ಹೆಚ್ಚು, ಬೆಲೆ ಕಡಿಮೆ, ಕೈ ಕೊಯ್ಯುವ ಭಯ ಬೇರೆ. ಹೊರುವ ಕಷ್ಟಕ್ಕೆ ತಕ್ಕ ಕಾಸು ಹುಟ್ಟದಿದ್ದರೆ ಚಿಂದಿ ಆಯುವವರು ಅದನ್ನು ಬಿಟ್ಟು ಹೋಗುವುದು ಸಹಜ. ಆಗ ಮನೆಯವರ ವಿಂಗಡಣೆಯೂ ವ್ಯರ್ಥ.

4. ಠೇವಣಿಯ ಪಾಠ

ಬಾಟಲಿಗೆ ಬೆಲೆ ಬರಿಸುವ ಒಂದು ದಾರಿ ಠೇವಣಿ. ನೀಲಗಿರಿಯ ಕಾಡಿನಲ್ಲಿ ಎಸೆದ ಬಾಟಲಿಗಳು ಆನೆಗಳ ಕಾಲನ್ನು ಸೀಳುತ್ತಿದ್ದುದನ್ನು ಗಮನಿಸಿ ಮದ್ರಾಸ್ ಹೈಕೋರ್ಟ್ ಮಧ್ಯಪ್ರವೇಶಿಸಿತು. 2022ರಲ್ಲಿ ನೀಲಗಿರಿಯ ಸರ್ಕಾರಿ ಮದ್ಯದಂಗಡಿಗಳು ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚು ಪಡೆದು, ಖಾಲಿ ಬಾಟಲಿ ತಂದವರಿಗೆ ಅದನ್ನು ಮರಳಿಸತೊಡಗಿದವು. ಕೇರಳ 2025ರಲ್ಲಿ 20 ರೂಪಾಯಿ ಠೇವಣಿಯ ಪ್ರಯೋಗವನ್ನು ತಿರುವನಂತಪುರ, ಕಣ್ಣೂರುಗಳಲ್ಲಿ ಆರಂಭಿಸಿತು. ಕುಡಿದವನು ಎಸೆದರೂ ಅದನ್ನು ಹೆಕ್ಕಿದವರಿಗೆ ಹಣ ಸಿಗುತ್ತದೆ ಎಂಬುದು ಈ ಕ್ರಮದ ದೊಡ್ಡ ಬಲ. ಮದ್ಯದ ಬಾಟಲಿಯಾಚೆಗೆ ಅದು ಚಾಚದಿರುವುದು ಅದರ ಮಿತಿ.

5. ಉಪಸಂಹಾರ

ಕರ್ನಾಟಕದಲ್ಲಿ ಠೇವಣಿ ಕ್ರಮವನ್ನು ನೀಲಗಿರಿಗೆ ತಾಗಿದ ಚಾಮರಾಜನಗರದಿಂದಲೂ ಕೊಡಗಿನಿಂದಲೂ ಆರಂಭಿಸಬಹುದು. ಉಳಿದ ಗಾಜಿಗೆ ನಗರಗಳಲ್ಲಿ ತಿಂಗಳಿಗೊಂದು ದಿನ ಗೊತ್ತುಮಾಡಿ, ಒಣತ್ಯಾಜ್ಯ ಸಂಗ್ರಹ ಕೇಂದ್ರಗಳಿಗೆ ಕಿಲೋ ಲೆಕ್ಕದಲ್ಲಿ ಸ್ಥಳೀಯ ಸಂಸ್ಥೆಯೇ ಪ್ರೋತ್ಸಾಹಧನ ಕೊಡಬೇಕು. ಮನೆಯವರು ಬಾಟಲಿಯನ್ನು ತೊಳೆದು, ಮುಚ್ಚಳ ತೆಗೆದು ಇಡಲಿ. ಒಡೆದದ್ದನ್ನು ದಪ್ಪ ಕಾಗದದಲ್ಲಿ ಸುತ್ತಿ 'ಗಾಜು' ಎಂದು ಬರೆದು ಕಸ ಒಯ್ಯುವವರ ಕೈಗೇ ಕೊಡಲಿ. ಕೊಟ್ಟ ಗಾಜು ಕುಲುಮೆ ಮುಟ್ಟುತ್ತದೆ, ಅದನ್ನು ಹೊತ್ತವರಿಗೆ ಕೂಲಿ ದಕ್ಕುತ್ತದೆ ಎಂಬ ನಂಬಿಕೆ ಹುಟ್ಟಿಸುವುದು ಸರ್ಕಾರದ ಹೊಣೆ. ಆ ನಂಬಿಕೆಯಿಲ್ಲದೆ ಜನರ ಪಾಲ್ಗೊಳ್ಳುವಿಕೆ ಬಹುಕಾಲ ನಿಲ್ಲದು.